ಪಿಯುಸಿ ಆಯ್ತು, ಕಾಲೇಜು ಶುರುವಾಗುವವರೆಗೆ ಎಂತ ಮಾಡುವುದು? (ಕಾಮರ್ಸ್ ಲೆಕ್ಚರರ್ ಜೊತೆ ಪ್ರಶ್ನೋತ್ತರ)

ಪ್ರಶ್ನೆ (ವಿದ್ಯಾರ್ಥಿನಿ, ಕಾರ್ಕಳ):
ಮೇಡಂ, ಸೆಕೆಂಡ್ ಪಿಯುಸಿ ಕಾಮರ್ಸ್ ಮುಗಿಸಿದೆ. ಹತ್ತರವರೆಗೆ ಊರಿನ ಕನ್ನಡ ಶಾಲೆ, ಪಿಯುಸಿಯಲ್ಲೂ ಅಕೌಂಟೆನ್ಸಿ ಕನ್ನಡದಲ್ಲೇ ಬರೆದದ್ದು. ಇನ್ನು ಮಂಗಳೂರಿನಲ್ಲಿ ಬಿಕಾಂ ಸೇರುವ ಆಲೋಚನೆ. ಅಲ್ಲಿ ಎಲ್ಲ ಇಂಗ್ಲಿಷ್ ಅಂತ ಹೆದರಿಕೆ. ಅಮ್ಮ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗು ಅಂತಾರೆ. ಅಪ್ಪ, ಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತ್ಕೊ, ಕೈಖರ್ಚಿಗಾದರೂ ಆಗ್ತದೆ ಅಂತಾರೆ. ಯಾವುದು ಒಳ್ಳೆಯದು?

ಉತ್ತರ:
ಅಂಗಡಿಗೆ ಹೋಗು. ತಮಾಷೆ ಅಲ್ಲ.

ಮಾವನ ಗಲ್ಲಾಪೆಟ್ಟಿಗೆಯ ಹತ್ತಿರ ಒಂದು ಉದ್ರಿ ಪುಸ್ತಕ ಇರ್ತದಲ್ಲ, ಅದನ್ನು ಬಿಡಿಸಿ ನೋಡು. ಮೇಸ್ತ್ರಿ ಸೋಮವಾರ ಪೈಪ್ ಕೊಂಡುಹೋದದ್ದು, ಶನಿವಾರ ಸ್ವಲ್ಪ ದುಡ್ಡು ಕೊಟ್ಟದ್ದು, ಬಾಕಿ ಉಳಿದದ್ದು. ಪರೀಕ್ಷೆಯಲ್ಲಿ ನೀನು ಅವನನ್ನು ‘ಋಣಿ’ ಅಂತ ಬರೆದೆ. ಬಿಕಾಂನಲ್ಲಿ ‘ಡೆಟರ್’ ಅಂತಾರೆ. ಮೇಸ್ತ್ರಿ ಅವನೇ!

ಖರೀದಿ ಬಿಲ್ಲುಗಳನ್ನೂ ನೋಡು. ಪಿವಿಸಿ ಪೈಪಿಗೆ ಜಿಎಸ್‌ಟಿ ಶೇ. 18. ಕರ್ನಾಟಕದ ಒಳಗಿನ ಡೀಲರ್ ಕೊಟ್ಟ ಬಿಲ್ಲಿನಲ್ಲಿ ಅದು ಸಿಜಿಎಸ್‌ಟಿ 9, ಎಸ್‌ಜಿಎಸ್‌ಟಿ 9 ಅಂತ ಎರಡು ಸಾಲಾಗಿ ಬಂದಿರ್ತದೆ, ಒಂದು ಕೇಂದ್ರಕ್ಕೆ, ಒಂದು ರಾಜ್ಯಕ್ಕೆ. ಅದೇ ಪೈಪ್ ಕೇರಳದ ಕಾಸರಗೋಡಿನಿಂದ ಬಂದಿದ್ದರೆ ಐಜಿಎಸ್‌ಟಿ 18 ಅಂತ ಒಂದೇ ಸಾಲು, ರಾಜ್ಯದಿಂದ ರಾಜ್ಯಕ್ಕೆ ಮಾರಿದಾಗ ಹಾಕುವ ತೆರಿಗೆ ಅದು. ಮಂಗಳೂರಿನಿಂದ ಕಾಸರಗೋಡು ಎಷ್ಟು ಹತ್ತಿರವಾದರೂ ರಾಜ್ಯ ಬೇರೆ ನೋಡು. ಬಿಲ್ ಕೈಯಲ್ಲಿ ಹಿಡಿದು ನೋಡಿದವರಿಗೆ ಇದು ಕ್ಲಾಸಿನಲ್ಲಿ ಎರಡು ನಿಮಿಷದ ಕೆಲಸ, ನೋಡದವರಿಗೆ ಬಾಯಿಪಾಠ.

ಇಂಗ್ಲಿಷಿನ ಹೆದರಿಕೆ ಬಗ್ಗೆ. ಫಸ್ಟ್ ಸೆಮಿಸ್ಟರಿನಲ್ಲಿ ನಾನು ಪ್ರತಿ ವರ್ಷ ನೋಡುವುದು ಮಾತಾಡಲು ಬಾರದವರನ್ನಲ್ಲ, ನೋಟ್ಸ್ ಬರೆಯಲು ಬಾರದವರನ್ನು. ಪಿಯುಸಿಯಲ್ಲಿ ನಾವು ನಿಧಾನಕ್ಕೆ ಹೇಳ್ತೇವೆ, ನೀವು ಬರ್ಕೊಳ್ತೀರಿ. ಡಿಗ್ರಿಯಲ್ಲಿ ಹಾಗೆ ಹೇಳಿ ಬರೆಸುವವರು ಕಡಿಮೆ. ಹೇಳಿದ್ದನ್ನೆಲ್ಲ ಬರೆಯಲು ಹೊರಟ ಮಕ್ಕಳು ಮೂರನೇ ವಾಕ್ಯಕ್ಕೆ ಪೆನ್ನು ಕೆಳಗಿಡ್ತಾರೆ.

ಅದಕ್ಕೆ ಅಭ್ಯಾಸ ಕನ್ನಡದಲ್ಲೇ ಶುರು ಮಾಡು. ತಾಳಮದ್ದಲೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳ್ತೀಯಾ? ಒಂದು ಅರ್ಧ ಗಂಟೆ ಕೃಷ್ಣ–ಕೌರವರ ವಾದ ಕೇಳಿ, ಯಾರು ಯಾವ ಕಾರಣ ಕೊಟ್ಟರು ಅಂತ ಹತ್ತು ಸಾಲಿಗೆ ಇಳಿಸು. ವಾದ ಮಾಡುವ ಅರ್ಥಧಾರಿ ನಿನಗೋಸ್ಕರ ನಿಧಾನ ಮಾಡುವುದಿಲ್ಲ, ಲೆಕ್ಚರರೂ ಅಷ್ಟೆ. ಒಂದು ವಾರ ಹೀಗೆ ಬರೆದ ಮೇಲೆ, ನೀನು ಓದಿ ಮುಗಿಸಿದ ಪಾಠವನ್ನೇ, ಪಾಲುದಾರಿಕೆಯೋ ಸವಕಳಿಯೋ, ಇಂಗ್ಲಿಷ್ ವಿಡಿಯೋದಲ್ಲಿ ಕೇಳು. ವಿಷಯ ಗೊತ್ತಿರುವುದರಿಂದ ಹೊಸತು ಭಾಷೆ ಮಾತ್ರ. ಹೊಸ ಪಾಠವನ್ನು ಹೊಸ ಭಾಷೆಯಲ್ಲಿ ಒಟ್ಟಿಗೆ ಹಿಡಿಯಲು ಹೋಗಬೇಡ.

ಪ್ರಶ್ನೆ (ಒಬ್ಬರು ತಂದೆ, ಬ್ರಹ್ಮಾವರ):
ಮೇಡಂ, ನನ್ನ ಮಗನೂ ಇದೇ ವರ್ಷ ಡಿಗ್ರಿಗೆ. ಕಾಗದಪತ್ರ ಎಂತೆಂತ ಬೇಕಾಗ್ತದೆ?

ಉತ್ತರ:
ಸರ್, ಪಟ್ಟಿ ಕಾಲೇಜಿನವರೇ ಕೊಡ್ತಾರೆ. ನೀವು ಈಗ ನೋಡಬೇಕಾದದ್ದು ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ಇನಿಶಿಯಲ್ ಹಿಂದೆ, ಆಧಾರಿನಲ್ಲಿ ತಂದೆ ಹೆಸರು ಪೂರ್ತಿ ಮುಂದೆ, ಬ್ಯಾಂಕಿನಲ್ಲಿ ಇನ್ನೊಂದು ತರ. ಹೀಗಿದ್ದರೆ ಎಸ್‌ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್) ಹಾಕಿದ ಅರ್ಜಿ ಸಿಕ್ಕಿಬೀಳ್ತದೆ. ಸ್ಕಾಲರ್‌ಶಿಪ್ ದುಡ್ಡು ಬರುವುದು ಆಧಾರ್ ಸೀಡಿಂಗ್ ಆದ, ಅಂದರೆ ಆಧಾರ್ ಜೋಡಿಸಿದ ಖಾತೆಗೆ, ಬ್ಯಾಂಕಿಗೆ ಹೋಗಿ ಒಮ್ಮೆ ಕೇಳಿ. ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಅವಧಿ. ಹೈಸ್ಕೂಲಿಗೆ ಸೇರಿಸುವಾಗ ಮಾಡಿಸಿದ್ದಾದರೆ ಮುಗಿದಿರಬಹುದು. ಅಡ್ಮಿಷನ್ ಹೊತ್ತಿಗೆ ನಾಡಕಚೇರಿಯಲ್ಲಿ ಊರಿಗೆ ಊರೇ ನಿಂತಿರ್ತದೆ, ಈಗಲೇ ಮಾಡಿಸಿ.

ಪ್ರಶ್ನೆ (ಕಾರ್ಕಳದ ವಿದ್ಯಾರ್ಥಿನಿ):
ಮೇಡಂ, ದಿನಾ ಹೋಗಿ ಬರುವುದೋ, ಹಾಸ್ಟೆಲೋ?

ಉತ್ತರ:
ಒಂದು ಕೆಲಸದ ದಿನ ಬೆಳಿಗ್ಗೆ ಮೂಡುಬಿದಿರೆ ದಾರಿಯ ಬಸ್ಸಿನಲ್ಲಿ ಮಂಗಳೂರಿನ ಹಂಪನಕಟ್ಟೆವರೆಗೆ ಬಂದು ನೋಡು, ಸಂಜೆ ಹಿಂದೆ ಹೋಗು. ಮರುದಿನವೂ ಹಾಗೇ. ಎರಡನೇ ದಿನ ರಾತ್ರಿ ಪುಸ್ತಕ ಬಿಡಿಸುವಷ್ಟು ಜೀವ ಉಳಿದಿದ್ದರೆ ಹಾಸ್ಟೆಲ್ ಬೇಡ. ಶಕ್ತಿ ಯೋಜನೆಯ ಫ್ರೀ ಟಿಕೆಟ್ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಕಡೆ ಓಡುವುದು ಹೆಚ್ಚು ಪ್ರೈವೇಟ್, ಆ ಖರ್ಚನ್ನೂ ಅಪ್ಪನ ಹತ್ತಿರ ಮೊದಲೇ ಹೇಳು. ಹಾಜರಿ ಶೇ. 75 ಬೇಕು, ಮಳೆಗಾಲದಲ್ಲಿ ಬಸ್ ತಡ ಆಯ್ತು ಅಂದರೆ ರಿಜಿಸ್ಟರ್ ಕೇಳುವುದಿಲ್ಲ.

ವಿದ್ಯಾರ್ಥಿನಿ (ನಾಲ್ಕು ದಿನ ಬಿಟ್ಟು):
ಮೇಡಂ, ಮಾವ ಉದ್ರಿ ಪುಸ್ತಕ ಮುಟ್ಟಲು ಬಿಡಲಿಲ್ಲ, ಊರಿನವರ ಬಾಕಿ ಎಲ್ಲ ಉಂಟಂತೆ. ಬಿಲ್ ಫೈಲ್ ಕೊಟ್ಟರು. ಒಂದೇ ಸಾಲಿನ ಬಿಲ್ ಸಿಕ್ಕಿತು, ಆದರೆ ಕಾಸರಗೋಡಿನದ್ದಲ್ಲ. ಕೊಯಮತ್ತೂರಿನ ಪಂಪ್‌ಸೆಟ್.

ಉತ್ತರ:
ಅದೂ ಐಜಿಎಸ್‌ಟಿಯೇ. ಮಾವ ಹೇಳಿದ್ದು ಸರಿ ಉಂಟು, ಬಿಲ್ಲಿನ ಫೋಟೋ ಕೂಡ ಇಲ್ಲಿ ಹಾಕಬೇಡ. ನಾಳೆ ಅದೇ ಪಂಪ್ ಮಾರುವಾಗ ಮಾವ ಬರೆಯುವ ಬಿಲ್ಲಿನಲ್ಲಿ ಎಷ್ಟು ಸಾಲು ಬರ್ತದೆ ನೋಡಿ ಹೇಳು.