ಫೈರ್ ಡೋರ್ ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಆದರೆ ಲಾಚ್ ಬೀಳುವುದಿಲ್ಲ: ಪರಿಹಾರ ಬೇಕು

ಪ್ರಶ್ನೆ (ಕಲಬುರಗಿ, ಆಸ್ಪತ್ರೆ ಕಟ್ಟಡದ ನಿರ್ವಹಣೆ)

ನಮಸ್ಕಾರ. ನಾನು ನೋಡಿಕೊಳ್ಳುವ ಕಟ್ಟಡದಲ್ಲಿ ನೆಲಮಹಡಿಯಿಂದ ಮೆಟ್ಟಿಲಿಗೆ ಹೋಗುವಲ್ಲಿ 120 ನಿಮಿಷ ಬೆಂಕಿ ತಡೆಯುವ, ಒಂದೇ ರೆಕ್ಕೆಯ ಉಕ್ಕಿನ ಫೈರ್ ಡೋರ್ ಇದೆ. ಬೇಸಿಗೆ ಶುರುವಾದಾಗಿನಿಂದ ಅದು ತಾನಾಗಿ ಚೌಕಟ್ಟಿನವರೆಗೆ ಬಂದು ನಿಲ್ಲುತ್ತಿದೆ. ಕೈಯಿಂದ ಒತ್ತದ ಹೊರತು ಲಾಚ್ ಒಳಗೆ ಬೀಳುತ್ತಿಲ್ಲ. ಮೇಲಿನ ಮಹಡಿಗಳಲ್ಲಿ ಇದೇ ತಯಾರಿಕೆಯ ಬಾಗಿಲುಗಳು ಸರಿಯಾಗಿವೆ. ಕ್ಲೋಸರಿನ (ಬಾಗಿಲನ್ನು ತಾನಾಗಿ ಮುಚ್ಚಿಸುವ ಸಾಧನ) ವೇಗ ಹೆಚ್ಚಿಸಿದರೆ ಬಾಗಿಲು ಜೋರಾಗಿ ಬಡಿಯುತ್ತದೆ, ರೋಗಿಗಳಿಗೆ ತೊಂದರೆಯಾಗುತ್ತದೆ. ಬಾಗಿಲಿನ ಅಂಚನ್ನು ಸ್ವಲ್ಪ ಉಜ್ಜಿಸಿಬಿಡಿ ಎಂದು ಫ್ಯಾಬ್ರಿಕೇಶನ್ ಕೆಲಸದವರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ?

ಉತ್ತರ 1

ದಯವಿಟ್ಟು ಉಜ್ಜಿಸಬೇಡಿ. ಫೈರ್ ಡೋರಿಗೆ ಸಿಗುವ ಪ್ರಮಾಣಪತ್ರ ಬರೀ ರೆಕ್ಕೆಗೆ ಸಿಗುವುದಲ್ಲ. ರೆಕ್ಕೆ, ಚೌಕಟ್ಟು, ಹಿಂಜ್, ಲಾಚ್, ಸೀಲ್ ಎಲ್ಲವನ್ನೂ ಒಟ್ಟಿಗೆ ಕುಲುಮೆಯಲ್ಲಿ ಪರೀಕ್ಷಿಸಿದ ಮೇಲೆಯೇ 120 ನಿಮಿಷ ಎಂಬ ಅಂಕಿ ಬರುತ್ತದೆ. ಅಂಚು ಕೊರೆಸಿದರೆ, ಹೊಸದಾಗಿ ಚಿಲಕದ ತೂತು ಹಾಕಿಸಿದರೆ ಆ ಅಂಕಿಗೆ ಅರ್ಥ ಉಳಿಯುವುದಿಲ್ಲ. ಲಾಚ್ ಬೀಳದ ಬಾಗಿಲನ್ನು ಮುಚ್ಚಿದ ಬಾಗಿಲೆಂದು ಎಣಿಸಲೂಬಾರದು, ಏಕೆಂದರೆ ಬೆಂಕಿ ಹತ್ತಿದ ಕೋಣೆಯಲ್ಲಿ ಹಿಗ್ಗುವ ಬಿಸಿಗಾಳಿಯ ಒತ್ತಡಕ್ಕೆ ಅದು ತೆರೆದುಕೊಂಡು, ಜನರು ಇಳಿದು ಬರಬೇಕಾದ ಮೆಟ್ಟಿಲಿಗೇ ಹೊಗೆ ನುಗ್ಗುತ್ತದೆ.

ದೋಷ ಬಾಗಿಲಿನದೋ ಕ್ಲೋಸರಿನದೋ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಿ. ಒಬ್ಬರನ್ನು ಅಲ್ಲೇ ನಿಲ್ಲಿಸಿಕೊಂಡು ಕ್ಲೋಸರಿನ ತೋಳನ್ನು ಬಿಚ್ಚಿ, ಬಾಗಿಲನ್ನು ಎರಡೇ ಬೆರಳಿನಿಂದ ನಿಧಾನವಾಗಿ ತಳ್ಳಿ ನೋಡಿ. ಹಗುರವಾಗಿ ಹೋಗಿ ಲಾಚ್ ಬಿದ್ದರೆ ಕ್ಲೋಸರನ್ನು ನೋಡಬೇಕು. ಕೊನೆಯಲ್ಲಿ ತಡೆದರೆ ಕ್ಲೋಸರಿನ ಸ್ಕ್ರೂ ಮುಟ್ಟುವ ಅಗತ್ಯವೇ ಇಲ್ಲ. ಲಾಚಿನ ನಾಲಗೆಗೆ ಸುಣ್ಣದ ಕಡ್ಡಿ ಸವರಿ ಬಾಗಿಲು ಮುಚ್ಚಿದರೆ, ಅದು ಚೌಕಟ್ಟಿನ ತಗಡಿಗೆ ಎಲ್ಲಿ ತಗಲುತ್ತಿದೆ ಎಂಬುದು ಗುರುತಾಗಿ ಬೀಳುತ್ತದೆ. ಬಳಿಕ ಮೇಲಂಚಿನ ಸಂದಿಯನ್ನು ಹಿಂಜಿನ ಕಡೆ ಒಮ್ಮೆ, ಲಾಚಿನ ಕಡೆ ಒಮ್ಮೆ ಫೀಲರ್ ಗೇಜಿನಿಂದ (ಸಂದಿ ಅಳೆಯುವ ತೆಳು ತಗಡುಗಳ ಸಾಧನ) ಅಳೆಯಿರಿ. ಸುತ್ತಲೂ ಸುಮಾರು 3 ಮಿ.ಮೀ. ಇರುವುದು ಒಳ್ಳೆಯದು. ಚೌಕಟ್ಟಿನ ಎರಡು ಕರ್ಣಗಳನ್ನೂ ಟೇಪಿನಿಂದ ಅಳೆದು ತಿಳಿಸಿ. ಇನ್ನೊಂದು ವಿಷಯ: ಕಾರಿಡಾರಿನ ಎಕ್ಸಾಸ್ಟ್ ಫ್ಯಾನ್ ನಿಲ್ಲಿಸಿ ಇದೇ ಪರೀಕ್ಷೆಯನ್ನು ಮಾಡಿ. ಗಾಳಿಯ ಒತ್ತಡದ ವ್ಯತ್ಯಾಸವೇ ಕೊನೆಯ ಒಂದಿಂಚಿನಲ್ಲಿ ಬಾಗಿಲನ್ನು ತಡೆಹಿಡಿಯುವುದುಂಟು.

ಪ್ರಶ್ನೆ ಕೇಳಿದವರು

ಫ್ಯಾನ್ ನಿಲ್ಲಿಸಿದರೂ ಏನೂ ಬದಲಾಗಲಿಲ್ಲ. ತೋಳು ಬಿಚ್ಚಿದ ಮೇಲೂ ಕೊನೆಯಲ್ಲಿ ತಡೆಯುತ್ತದೆ. ಹಿಂಜಿನ ಸ್ಕ್ರೂಗಳೆಲ್ಲ ಬಿಗಿಯಾಗಿವೆ. ಮೇಲಂಚಿನ ಸಂದಿ ಹಿಂಜಿನ ಕಡೆ 4 ಮಿ.ಮೀ., ಲಾಚಿನ ಕಡೆ 2 ಮಿ.ಮೀ. ಇದೆ. ಸುಣ್ಣದ ಗುರುತು ಸ್ಟ್ರೈಕ್ ಪ್ಲೇಟಿನ (ಲಾಚ್ ಬೀಳುವ ಚೌಕಟ್ಟಿನ ತಗಡು) ರಂಧ್ರದ ಮೇಲಂಚಿನ ಮೇಲೆ ಬಿದ್ದಿದೆ. ಕರ್ಣಗಳು ಸಮವಾಗಿಲ್ಲ. ಲಾಚಿನ ಕಡೆಯ ಗೋಡೆ ಕಟ್ಟಡದ ಹೊರಗೋಡೆಗೆ ಹೊಂದಿಕೊಂಡಿದೆ. ಅದರ ಮೂಲೆಯಲ್ಲಿ ಕೂದಲೆಳೆಯಷ್ಟು ಓರೆ ಬಿರುಕೂ ಕಾಣುತ್ತಿದೆ.

ಉತ್ತರ 1

ಹಾಗಾದರೆ ಜಾರಿರುವುದು ಬಾಗಿಲಲ್ಲ, ಲಾಚಿನ ಕಡೆಯ ಚೌಕಟ್ಟು. ಹಿಂಜ್ ಸಡಿಲವಾಗಿ ರೆಕ್ಕೆ ಜೋತುಬಿದ್ದಿದ್ದರೆ ಲಾಚಿನ ಕಡೆ ಮೇಲಿನ ಸಂದಿ ಹೆಚ್ಚಾಗುತ್ತಿತ್ತು, ಸುಣ್ಣದ ಗುರುತು ರಂಧ್ರದ ಕೆಳಗೆ ಬೀಳುತ್ತಿತ್ತು. ನಿಮ್ಮಲ್ಲಿ ಎರಡೂ ತಿರುಗುಮುರುಗಾಗಿವೆ. ನಮ್ಮ ಕಲಬುರಗಿಯ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಕಟ್ಟಡದ ಅಂಚಿನ ಮಣ್ಣು ಬೇಗ ಒಣಗುವುದರಿಂದ ಹೊರಗೋಡೆಯ ಕಡೆ ನೆಲ ತುಸು ಇಳಿಯುತ್ತದೆ. ಮೇಲಿನ ಮಹಡಿಗಳ ಗೋಡೆಗಳನ್ನು ಕಂಬ ಮತ್ತು ತೊಲೆಗಳು ಹೊತ್ತಿರುವುದರಿಂದ ಅಲ್ಲಿನ ಬಾಗಿಲುಗಳಿಗೆ ಇದು ತಟ್ಟಿಲ್ಲ. ನೆಲಮಹಡಿಯ ಒಂದೇ ಬಾಗಿಲು ಬೇಸಿಗೆಯಲ್ಲೇ ಕೆಟ್ಟಿತು ಎಂಬುದು ಇದಕ್ಕೆ ಸರಿಹೊಂದುತ್ತದೆ. ಆ ಮೂಲೆಯ ಆಸುಪಾಸಿನಲ್ಲಿ ನೀರಿನ ಕೊಳವೆ ಸೋರುತ್ತಿದೆಯೇ ಎಂಬುದನ್ನೂ ನೋಡಿ, ಸೋರಿಕೆಯೂ ಮಣ್ಣನ್ನು ಅಸಮವಾಗಿ ಕದಲಿಸುತ್ತದೆ.

ಹಲವು ತಯಾರಿಕೆಗಳಲ್ಲಿ ಸ್ಟ್ರೈಕ್ ಪ್ಲೇಟಿನ ಸ್ಕ್ರೂ ರಂಧ್ರಗಳು ಉದ್ದನೆಯವಾಗಿರುತ್ತವೆ. ನಿಮ್ಮದೂ ಹಾಗಿದ್ದರೆ ಸ್ಕ್ರೂ ಸಡಿಲಿಸಿ, ಗುರುತು ಎಷ್ಟು ತಪ್ಪಿದೆಯೋ ಅಷ್ಟೇ ಮೇಲಕ್ಕೆ ಸರಿಸಿ ಬಿಗಿ ಮಾಡಿ; ಚೌಕಟ್ಟು ಇಳಿದಿರುವುದರಿಂದ ರಂಧ್ರವನ್ನು ಮೇಲಕ್ಕೇ ತರಬೇಕಾಗುತ್ತದೆ. ಮೇಲಿನ ಹಿಂಜಿನ ಹಿಂದೆ ಉಕ್ಕಿನ ತಗಡು ಕೊಟ್ಟು ರೆಕ್ಕೆಯನ್ನೇ ಇಳಿಸುವ ದಾರಿಯೂ ಇದೆ. ಆದರೆ 2 ಮಿ.ಮೀ. ತಗಡಿಗೆ ಲಾಚಿನ ಕಡೆ ಇಳಿಯುವುದು ಸುಮಾರು 1 ಮಿ.ಮೀ. ಮಾತ್ರ, ಅಷ್ಟಕ್ಕೆ ಪಕ್ಕದ ಸಂದಿ ಬಿಗಿಯಾಗಿಬಿಡುತ್ತದೆ, ಆದ್ದರಿಂದ ನಾನು ಅದನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ. ರಟ್ಟಿನ ತುಂಡನ್ನಂತೂ ಹಿಂಜಿನ ಹಿಂದೆ ಇಡಲೇಬಾರದು.

ಉತ್ತರ 2 (ಬೀದರ್)

ನಮ್ಮ ಬೀದರ್ ಪಟ್ಟಣ ಜಂಬಿಟ್ಟಿಗೆ ಕಲ್ಲಿನ ಮೇಲಿರುವುದರಿಂದ ಚೌಕಟ್ಟು ಜಾರುವುದು ನಮಗೆ ಅಪರೂಪ. ಇಲ್ಲಿ ಕಾಡುವುದು ಕ್ಲೋಸರಿನ ಎಣ್ಣೆ: ಸೆಕೆ ಏರಿದಂತೆ ಅದು ತೆಳುವಾಗಿ ಬಾಗಿಲು ಬಡಿಯುತ್ತದೆ, ಚಳಿಗೆ ಗಟ್ಟಿಯಾಗಿ ತಡವಾಗುತ್ತದೆ. ವೇಗದ ಸ್ಕ್ರೂವನ್ನು ಎಂಟನೇ ಒಂದು ಸುತ್ತಿಗಿಂತ ಹೆಚ್ಚು ಒಮ್ಮೆಲೇ ತಿರುಗಿಸಬೇಡಿ. ಪೂರ್ತಿ ಹೊರಗೆ ಬಂದರೆ ಎಣ್ಣೆಯೇ ಚೆಲ್ಲಿಹೋಗುತ್ತದೆ. ಕ್ಲೋಸರಿನ ಕೆಳಗೆ ಬಾಗಿಲಿನ ಮೇಲೆ ಎಣ್ಣೆಯ ಜಿಡ್ಡು ಕಂಡರೆ ರಿಪೇರಿಗೆ ಹೋಗದೆ ಹೊಸದನ್ನೇ ಹಾಕಿಸಿ.

ಪ್ರಶ್ನೆ ಕೇಳಿದವರು

ಸ್ಟ್ರೈಕ್ ಪ್ಲೇಟನ್ನು ಮೇಲಕ್ಕೆ ಸರಿಸಿದ ಮೇಲೆ ಲಾಚ್ ಬೀಳುತ್ತಿದೆ. ಪೂರ್ತಿ ತೆರೆದು ಬಿಟ್ಟರೂ, ಅರ್ಧಕ್ಕೆ ಬಿಟ್ಟರೂ, ಒಂದು ಗೇಣು ತೆರೆದು ಬಿಟ್ಟರೂ ಬೀಳುತ್ತದೆ. ಆದರೆ ಸೆಕೆಯ ಕಾರಣಕ್ಕೆ ಸಿಬ್ಬಂದಿ ಬಾಗಿಲಿಗೆ ಶಹಾಬಾದ್ ಕಲ್ಲಿನ ತುಂಡು ಒತ್ತರಿಸಿ ತೆರೆದಿಡುತ್ತಾರೆ. ಇದಕ್ಕೇನು ಮಾಡಲಿ? ಅಂಚಿನ ಸೀಲ್ ಪಟ್ಟಿಗೂ ಹಿಂದೆ ಯಾರೋ ಬಣ್ಣ ಬಳಿದಿದ್ದಾರೆ.

ಉತ್ತರ 1

ತೆರೆದಿಡುವ ಅಗತ್ಯ ನಿಜವಾಗಿಯೂ ಇದ್ದರೆ ಫೈರ್ ಅಲಾರಂ ಪ್ಯಾನೆಲಿಗೆ ಜೋಡಿಸಿದ ಮ್ಯಾಗ್ನೆಟ್ ಹೋಲ್ಡರ್ ಹಾಕಿಸಿ. ಅಲಾರಂ ಆದರೂ, ಕರೆಂಟ್ ಹೋದರೂ ಅದು ಬಾಗಿಲನ್ನು ಬಿಟ್ಟುಬಿಡುತ್ತದೆ. ಕಲ್ಲಿಗೆ ಆ ಬುದ್ಧಿ ಇಲ್ಲವೆಂಬುದನ್ನು ಸಿಬ್ಬಂದಿಗೆ ಆ ಬಾಗಿಲಿನ ಎದುರೇ ನಿಲ್ಲಿಸಿ ವಿವರಿಸಿ. ಸೀಲ್ ಪಟ್ಟಿ ಬಿಸಿಗೆ ಉಬ್ಬಿ ಸಂದಿ ಮುಚ್ಚಬೇಕಾದ ವಸ್ತು. ದಪ್ಪ ಬಣ್ಣ ಹತ್ತಿದ್ದರೆ, ಎಲ್ಲಿಯಾದರೂ ಕಿತ್ತುಬಂದಿದ್ದರೆ, ಬಾಗಿಲಿನ ತಯಾರಕರು ಸೂಚಿಸಿದ ಪಟ್ಟಿಯನ್ನೇ ತರಿಸಿ ಬದಲಿಸಿ, ಸಾಮಾನ್ಯ ಫೋಮ್ ಪಟ್ಟಿ ಬೇಡ. ಹಿಂಜಿನ ಕಡೆಯ ಅಂಚಿನಲ್ಲಿ ರೇಟಿಂಗ್ ಬರೆದ ಫಲಕವಿದ್ದರೆ ಅದರ ಮೇಲೆಯೂ ಬಣ್ಣ ಬೀಳದಂತೆ ನೋಡಿಕೊಳ್ಳಿ.

ಬಿರುಕಿನ ಎರಡೂ ತುದಿಗಳಿಗೆ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದಿಡಿ. ಮಳೆ ಹಿಡಿದು ಎರೆಮಣ್ಣು ಉಬ್ಬಿದ ಮೇಲೆ ಲಾಚಿನ ಗುರುತು ಮತ್ತೆ ಬದಲಾಗಬಹುದು, ಆದ್ದರಿಂದ ಸೆಪ್ಟೆಂಬರಿನಲ್ಲಿ ಸಂದಿ, ಕರ್ಣ ಎರಡನ್ನೂ ಇನ್ನೊಮ್ಮೆ ಅಳೆಯಿರಿ. ಆಗ ವ್ಯತ್ಯಾಸ ಈಗಿನದಕ್ಕಿಂತ ಹೆಚ್ಚಾಗಿದ್ದರೆ ಪ್ಲೇಟ್ ಸರಿಸುತ್ತಾ ಕೂರದೆ, ಸ್ಟ್ರಕ್ಚರಲ್ ಇಂಜಿನಿಯರಿಗೆ ಗೋಡೆಯನ್ನು ತೋರಿಸಿ, ತಯಾರಕರ ಕಡೆಯವರಿಂದಲೇ ಚೌಕಟ್ಟನ್ನು ಬಿಚ್ಚಿ ಮತ್ತೆ ಕೂರಿಸಿ.