ಪದಚರ್ಚೆ: ವಿಮಾನದ 'ಸ್ನ್ಯಾಗ್'ಗೆ ಏನನ್ನೋಣ? (ಸಂಜೆಯೊಳಗೆ ಬೇಕು)

ಹಾಸನದಿಂದ:
ಎಲ್ಲರಿಗೂ ನಮಸ್ಕಾರ. ನಾಡಿದ್ದು ನಮ್ಮ ಶಾಲೆಯಲ್ಲಿ ವಿಜ್ಞಾನ ಮೇಳ. ವಿಮಾನದ ಟೆಕ್ನಿಕಲ್ ಲಾಗ್, ಅಂದರೆ ತೊಂದರೆ-ರಿಪೇರಿ ಬರೆದಿಡುವ ಪುಸ್ತಕದ ಬಗ್ಗೆ ಮಕ್ಕಳು ಫ್ಲೆಕ್ಸ್ ಮಾಡಿಸುತ್ತಿದ್ದಾರೆ. ಸಂಜೆ ಏಳಕ್ಕೆ ಪ್ರಿಂಟಿಗೆ ಹೋಗಬೇಕು. ವಿಷಯ ಇಷ್ಟೇ. ಪೈಲಟ್ ಇಳಿದ ಮೇಲೆ 'ಎಡಗಡೆ ಲ್ಯಾಂಡಿಂಗ್ ಲೈಟ್ ಉರಿಯುತ್ತಿಲ್ಲ' ಅಂತ ಬರೆಯುತ್ತಾರೆ. ಎಂಜಿನಿಯರ್ ಪಕ್ಕದಲ್ಲೇ 'ಬಲ್ಬ್ ಬದಲಿಸಿದೆ, ಪರೀಕ್ಷಿಸಿದೆ, ಸರಿಯಿದೆ' ಅಂತ ಬರೆದು ಸಹಿ ಹಾಕುತ್ತಾರೆ. ಬಿಡಿಭಾಗ ಸಿಗದಿದ್ದರೆ ಮಿನಿಮಮ್ ಇಕ್ವಿಪ್‌ಮೆಂಟ್ ಲಿಸ್ಟ್ ತೆಗೆದು ನೋಡುತ್ತಾರೆ. ಯಾವುದು ಕೆಟ್ಟಿದ್ದರೂ ಹಾರಬಹುದು ಅಂತ ಹೇಳುವ ಪಟ್ಟಿ ಅದು. ಅದು ಒಪ್ಪಿದರೆ ರಿಪೇರಿಯನ್ನು ಮುಂದಕ್ಕೆ ಹಾಕುತ್ತಾರೆ. ಆ ಪಟ್ಟಿಯ 'ಬಿ' ವರ್ಗಕ್ಕೆ ರಿಪೇರಿ ಮುಗಿಸಲು 3 ದಿನ, 'ಸಿ'ಗೆ 10 ದಿನ ಗಡುವು. ಪೈಲಟ್ ಬರೆಯುವ ಆ ಮೊದಲ ಸಾಲಿಗೆ ಅವರೆಲ್ಲ ಸ್ನ್ಯಾಗ್ ಅನ್ನುತ್ತಾರೆ. ನಾವೇನನ್ನೋಣ? ಮುಂದಕ್ಕೆ ಹಾಕಿದ್ದಕ್ಕೂ ಒಂದು ಪದ ಕೊಡಿ.

ಬೇಲೂರಿನಿಂದ:
ಕುಂದು. ಅಚ್ಚಗನ್ನಡ. ಇದರಲ್ಲಿ ಚರ್ಚೆ ಏನು? 'ದೋಷ' ಸಂಸ್ಕೃತ, 'ಐಬು' ಅರಬ್ಬಿ. ಎರಡೂ ಬೇಡ.

ಮೂಡಿಗೆರೆಯಿಂದ:
ಕುಂದು ಅಂದರೆ ಡಿ.ಸಿ. ಆಫೀಸಿನ ಕುಂದುಕೊರತೆ ಸಭೆ ನೆನಪಾಗುತ್ತದೆ, ಪೈಲಟ್ ಅರ್ಜಿ ಹಿಡಿದು ನಿಂತ ಹಾಗೆ! ಅದಿರಲಿ, ಪೈಲಟ್ ಬರೆದದ್ದೆಲ್ಲ ಕುಂದೇ ಆಗಬೇಕಾ? ಏನೋ ಅದುರಿದ ಹಾಗಾಯಿತು ಅಂತ ಅವರು ಬರೆಯುತ್ತಾರೆ, ಎಂಜಿನಿಯರ್ ಎಷ್ಟು ತಡಕಿದರೂ ಏನೂ ಸಿಗುವುದಿಲ್ಲ. ಹಾಗೂ ಆಗುತ್ತದೆ. ಅದಕ್ಕೇ 'ತಕರಾರು' ಅನ್ನಿ ಮೇಷ್ಟ್ರೇ. ಆಕ್ಷೇಪಣೆಯೂ ಆಯಿತು, ಮೆಷಿನ್ ಕೈಕೊಡುವುದೂ ಆಯಿತು. ಕೊಯ್ಲಿನ ಕಾಲದಲ್ಲಿ ನಮ್ಮ ಕಾಫಿ ತೋಟದ ರೈಟರ್ ಬಾಯಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಮೆಷಿನ್ ಬಗ್ಗೆ ದಿನಾ ಇದೇ ಮಾತು: 'ಪಲ್ಪರ್ ತಕರಾರು ಮಾಡ್ತಿದೆ.' ಇನ್ನೊಂದು ಸ್ವಾರಸ್ಯ. ಅರಬ್ಬಿಯ ತಕ್ರಾರ್ ಅಂದರೆ ಮತ್ತೆ ಮತ್ತೆ ಆಗುವುದು. ರಿಪೇರಿ ಆದ ಮೇಲೂ ಮರಳಿ ಬರುವ ಸ್ನ್ಯಾಗಿಗೆ ಇದಕ್ಕಿಂತ ಒಪ್ಪುವ ಪದ ಎಲ್ಲಿದೆ?

ಬೇಲೂರಿನಿಂದ:
ಕನ್ನಡ ಬರೆಯಲು ಈಗ ಅರಬ್ಬಿ ಕಲಿಯಬೇಕು. ಸಂತೋಷ.

ಮೂಡಿಗೆರೆಯಿಂದ:
'ಸಹಿ'ಯೂ ಅರಬ್ಬಿ ಮೂಲದ್ದೇ ಸ್ವಾಮಿ. ಎಂಜಿನಿಯರ್ ಏನು, ಹೆಬ್ಬೆಟ್ಟು ಒತ್ತಬೇಕಾ?

ಬೇಲೂರಿನಿಂದ:
ರುಜು ಅನ್ನಿ.

ಮೂಡಿಗೆರೆಯಿಂದ:
ಅದೇನು ಹಳೇಬೀಡಿನ ಕಲ್ಲಲ್ಲಿ ಹುಟ್ಟಿದ್ದಾ? ನಿಘಂಟು ತೆಗೆದು ನೋಡಿ.

ಹಾಸನದಿಂದ:
ಫ್ಲೆಕ್ಸ್ ಅಂಗಡಿಯವರು ಶಟರ್ ಎಳೆಯುತ್ತಿದ್ದರು. ಮೊದಲ ಕಾಲಂಗೆ 'ಪೈಲಟ್ ತಕರಾರು' ಅಂತ ಕಳಿಸಿಬಿಟ್ಟೆ. ಪೈಲಟ್ ಜಗಳಕ್ಕೆ ನಿಂತ ಹಾಗೆ ಸ್ವಲ್ಪ ಕೇಳುತ್ತದೆ, ಪರವಾಗಿಲ್ಲ. ಮುಂದಕ್ಕೆ ಹಾಕಿದ್ದಕ್ಕೆ ಯಾರೂ ಪದ ಕೊಡಲಿಲ್ಲ, 'ಬಾಕಿ' ಅಂತ ಹಾಕಿದ್ದೇನೆ. ಅದು ಎಲ್ಲಿಂದ ಬಂತು ಅಂತ ದಯವಿಟ್ಟು ಮೇಳ ಮುಗಿಯುವ ತನಕ ಹೇಳಬೇಡಿ.