ಅಮ್ಮನ ಬೋರ್ಡಿಂಗ್ ಪಾಸ್ ಮೇಲೆ ನಾಲ್ಕು ‘ಎಸ್’: ಏರ್‌ಪೋರ್ಟ್ ತಪಾಸಣೆ ಬಗ್ಗೆ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ನಾನು 17 ವರ್ಷ ಒಂದು ವಿಮಾನ ಕಂಪನಿಯ ಭದ್ರತಾ ವಿಭಾಗದಲ್ಲಿ ಕೆಲಸ ಮಾಡಿದವಳು. ಎಕ್ಸ್-ರೇ ಪರದೆ ಮುಂದೆ ಕೂತಿದ್ದೇನೆ. ಗೇಟಿನಲ್ಲಿ ಹೆಂಗಸರ ಮೈ ತಪಾಸಣೆ ಮಾಡಿದ್ದೇನೆ. ಹೊಸದಾಗಿ ಸೇರಿದವರಿಗೆ ತರಬೇತಿಯನ್ನೂ ಕೊಟ್ಟಿದ್ದೇನೆ. ಹೋದ ವಾರ ಈ ಗುಂಪಿನಲ್ಲಿ ತಪಾಸಣೆಯ ಮಾತು ಬಂದಾಗ ತುಂಬಾ ಜನ ಬೇಜಾರಿನಿಂದ ಬರೆದಿದ್ದಿರಿ. ಇವತ್ತು ಸಂಜೆ ಪೂರ್ತಿ ಇಲ್ಲೇ ಇರುತ್ತೇನೆ. ಕೇಳಿ.

ಪ್ರಶ್ನೆ (ಡಲ್ಲಾಸ್‌ನಿಂದ): ಅಕ್ಕಾ, ನಮ್ಮ ಅಪ್ಪ ಅಮ್ಮ ತಿಪಟೂರಿನವರು. ಮೊದಲ ಸಲ ನಮ್ಮ ಮನೆಗೆ ಬಂದಿದ್ದಾರೆ. ಬರುವಾಗ ಯೂರೋಪಿನಲ್ಲಿ ವಿಮಾನ ಬದಲಿಸಬೇಕಿತ್ತು. ಅಲ್ಲಿ ಗೇಟಿನ ಹತ್ತಿರ ಅಮ್ಮನ ಹೆಸರು ಕೂಗಿ, ಅವರೊಬ್ಬರನ್ನೇ ಪಕ್ಕಕ್ಕೆ ಕರೆದುಕೊಂಡು ಹೋದರಂತೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಚಪ್ಪಲಿ ಬಿಚ್ಚಿಸಿದರು, ಬ್ಯಾಗಿನಲ್ಲಿದ್ದದ್ದನ್ನೆಲ್ಲ ಹೊರಗೆ ತೆಗೆದರು, ಅಂಗೈಗೆ ಏನೋ ಬಟ್ಟೆ ಒರೆಸಿದರು. "ನಾನೇನು ಕದ್ದಿದ್ದೆ ಅಂತ ಹಂಗೆ ಮಾಡಿದ್ರು?" ಅಂತ ಇನ್ನೂ ಕೇಳ್ತಾರೆ. ಪಾಸ್ ತೆಗೆದು ನೋಡಿದರೆ ಮೂಲೆಯಲ್ಲಿ ‘ಎಸ್‌ಎಸ್‌ಎಸ್‌ಎಸ್’ ಅಂತ ಇತ್ತು. ಏನಿದು?

ಉತ್ತರ: ಮೊದಲು ಅಮ್ಮನಿಗೆ ಒಂದು ಮಾತು ಹೇಳಿ. ಅವರ ಮುಖ ನೋಡಿ, ಸೀರೆ ನೋಡಿ ಯಾರೂ ಅವರನ್ನು ಆರಿಸಲಿಲ್ಲ. ಅವರು ಗೇಟಿಗೆ ಬರುವ ಮುಂಚೆಯೇ ಕಂಪ್ಯೂಟರ್ ಆರಿಸಿಯಾಗಿತ್ತು.

ಆ ನಾಲ್ಕು ಅಕ್ಷರ ಅಂದರೆ ಸೆಕೆಂಡರಿ ಸೆಕ್ಯುರಿಟಿ ಸ್ಕ್ರೀನಿಂಗ್ ಸೆಲೆಕ್ಷನ್. ಇನ್ನೊಂದು ಸುತ್ತಿನ ತಪಾಸಣೆಗೆ ಆಯ್ಕೆಯಾಗಿದ್ದೀರಿ ಅಂತ. ಇದು ಅಮೆರಿಕದ ಪದ್ಧತಿ. 2001ರ ಸೆಪ್ಟೆಂಬರ್ ದಾಳಿ ಆದಮೇಲೆ, ಅದೇ ವರ್ಷ ನವೆಂಬರಿನಲ್ಲಿ ಅಲ್ಲಿ ಟಿಎಸ್‌ಎ ಅನ್ನುವ ಸಾರಿಗೆ ಭದ್ರತಾ ಸಂಸ್ಥೆ ಹುಟ್ಟಿತು. ಅಮೆರಿಕಕ್ಕೆ ಹೋಗುವ ವಿಮಾನ ಯಾವ ದೇಶದಿಂದ ಹೊರಟರೂ ಟಿಎಸ್‌ಎ ನಿಯಮ ಪಾಲಿಸಲೇಬೇಕು. ಅದಕ್ಕೇ ಯೂರೋಪಿನಲ್ಲಿ ಈ ತಪಾಸಣೆ ಆಯಿತು.

ನಡೆಯುವುದು ಹೀಗೆ. ಟಿಕೆಟ್ ಮಾಡಿಸುವಾಗ ನೀವು ಕೊಟ್ಟ ಹೆಸರು, ಹುಟ್ಟಿದ ದಿನ, ಹೆಣ್ಣೋ ಗಂಡೋ ಅನ್ನುವ ವಿವರವನ್ನು ವಿಮಾನ ಕಂಪನಿ ಟಿಎಸ್‌ಎಗೆ ಕಳಿಸುತ್ತದೆ. ಸಾಮಾನ್ಯವಾಗಿ ಹೊರಡುವುದಕ್ಕೆ 72 ಗಂಟೆ ಮುಂಚೆಯೇ ಹೋಗಿರುತ್ತದೆ. ಅಲ್ಲಿ ಅದನ್ನು ಅನುಮಾನ ಇರುವವರ ಪಟ್ಟಿಗಳ ಜೊತೆ ಹೋಲಿಸಿ ನೋಡುತ್ತಾರೆ. ಪಟ್ಟಿಗೆ ಹೊಂದದಿದ್ದರೂ ಕೆಲವರನ್ನು ಸುಮ್ನೆ ಲಾಟರಿ ಎತ್ತಿದ ಹಾಗೆ ಆರಿಸುತ್ತಾರೆ. ಗೇಟಿನಲ್ಲಿ ನಿಂತ ನಮ್ಮಂಥವರಿಗೆ ಆ ನಾಲ್ಕು ಅಕ್ಷರ ಕಾಣುತ್ತದೆ, ಕಾರಣ ಕಾಣುವುದಿಲ್ಲ. ಅದನ್ನು ಅಳಿಸುವ ಅಧಿಕಾರವೂ ನಮಗಿಲ್ಲ. ಎಷ್ಟೋ ಜನ ನನ್ನ ಮುಂದೆ ನಿಂತು "ನನ್ನನ್ನೇ ಯಾಕೆ?" ಅಂತ ಕೇಳಿದ್ದಾರೆ. ನನಗೆ ಗೊತ್ತಿರಲಿಲ್ಲ, ಅದನ್ನೇ ಹೇಳುತ್ತಿದ್ದೆ.

ಸುಳಿವು ಮೊದಲೇ ಸಿಗುತ್ತದೆ. ಮನೆಯಲ್ಲೇ ಫೋನಿನಲ್ಲಿ ಚೆಕ್-ಇನ್ ಮಾಡಲು ಹೋದರೆ ಪಾಸ್ ಬರುವುದಿಲ್ಲ, ಕೌಂಟರಿಗೆ ಬನ್ನಿ ಅನ್ನುತ್ತದೆ. ಬೇರೆ ಕಾರಣಕ್ಕೂ ಹಾಗಾಗಬಹುದು. ಆದರೂ ಆ ದಿನ ಒಂದು ಗಂಟೆ ಮುಂಚೆ ಹೊರಡಿ. ಇದು ವಿಮಾನ ಹತ್ತುವ ಮುಂಚಿನ ತಪಾಸಣೆ ಅಷ್ಟೇ. ಅಲ್ಲಿ ಇಳಿದ ಮೇಲೆ ಇಮಿಗ್ರೇಶನ್‌ನವರು ಕೇಳುವ ಪ್ರಶ್ನೆಗಳೇ ಬೇರೆ. ಎರಡನ್ನೂ ಬೆರೆಸಿಕೊಂಡು ಭಯಪಡಬೇಡಿ.

ಪ್ರಶ್ನೆ (ಹುಬ್ಬಳ್ಳಿಯಿಂದ): ಮೇಡಂ, ನೀವು ಲಾಟರಿ ಅಂತೀರಿ. ನಾನು ಕೆಲಸಕ್ಕಾಗಿ ಮೂರು ಸಲ ಅಮೆರಿಕಕ್ಕೆ ಹೋದೆ. ಮೂರೂ ಸಲ ಈ ನಾಲ್ಕು ಅಕ್ಷರ. ಜೊತೆಗಿದ್ದ ಸಹೋದ್ಯೋಗಿಗಳಿಗೆ ಒಂದು ಸಲವೂ ಇಲ್ಲ. ನಾನು ಮುಸ್ಲಿಂ, ಗಡ್ಡ ಇದೆ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು, ಸರ್‌ನೇಮ್ ಇಲ್ಲ. ಇದೂ ಲಾಟರಿಯಾ?

ಉತ್ತರ: ಇಲ್ಲ ಸರ್, ಮೂರಕ್ಕೆ ಮೂರು ಸಲ ಆದರೆ ಅದನ್ನು ಲಾಟರಿ ಅಂತ ನಾನು ಹೇಳುವುದಿಲ್ಲ. ನಿಮ್ಮ ಹೆಸರು ಪಟ್ಟಿಯಲ್ಲಿರುವ ಇನ್ಯಾರದೋ ಹೆಸರಿಗೆ ಹತ್ತಿರ ಇರುವ ಸಾಧ್ಯತೆ ಜಾಸ್ತಿ. ಅರಬ್ಬಿ ಮೂಲದ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕಾರು ರೀತಿ ಬರೆಯುತ್ತಾರೆ. ಒಂದೇ ಹೆಸರಿನವರೂ ಲಕ್ಷಗಟ್ಟಲೆ ಇದ್ದಾರೆ. ಹೆಸರಿನ ಜೊತೆ ಹುಟ್ಟಿದ ದಿನವನ್ನೂ ಕೇಳುವುದು ಈ ಗೊಂದಲ ಕಡಿಮೆ ಮಾಡಲಿಕ್ಕೇ. ಆದರೂ ಪೂರ್ತಿ ಹೋಗಿಲ್ಲ.

ಮುಖ, ಗಡ್ಡ ನೋಡಿ ಪಕ್ಕಕ್ಕೆ ಕರೆಯುವವರು ಇಲ್ಲವೇ ಇಲ್ಲ ಅಂತಲೂ ನಾನು ಹೇಳಲಾರೆ. ಅದು ತಪ್ಪು. ನನ್ನ ತರಗತಿಯಲ್ಲಿ ಅದನ್ನು ತಪ್ಪು ಅಂತಲೇ ಕಲಿಸಿದ್ದೇನೆ. ನಿಮಗೆ ಆಗಿರುವ ನೋವು ನಿಜವಾದದ್ದು.

ಈಗ ಮಾಡಬೇಕಾದ್ದು. ಅಮೆರಿಕದ ಗೃಹಭದ್ರತಾ ಇಲಾಖೆಯಲ್ಲಿ ಡಿಎಚ್‌ಎಸ್ ಟ್ರಿಪ್ ಅನ್ನುವ ವ್ಯವಸ್ಥೆ ಇದೆ. ಪದೇ ಪದೇ ತೊಂದರೆ ಆಗುವವರು ಅಲ್ಲಿ ಆನ್‌ಲೈನ್ ಅರ್ಜಿ ಹಾಕಬಹುದು. ದುಡ್ಡು ಕೊಡಬೇಕಿಲ್ಲ, ಏಜೆಂಟ್ ಬೇಕಿಲ್ಲ. ಪಾಸ್‌ಪೋರ್ಟ್ ಪ್ರತಿ ಕೊಟ್ಟು, ಯಾವ ದಿನ ಎಲ್ಲಿ ಏನಾಯಿತು ಅಂತ ಬರೆಯಬೇಕು. ನಿಮಗೊಂದು ರಿಡ್ರೆಸ್ ನಂಬರ್ ಕೊಡುತ್ತಾರೆ. ಮುಂದೆ ಟಿಕೆಟ್ ಮಾಡಿಸುವಾಗ ಆ ನಂಬರ್ ಹಾಕಿ. ನೀವು ಪಟ್ಟಿಯ ಆ ಮನುಷ್ಯ ಅಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ. ಇನ್ನೊಂದು ಸಲ ನಾಲ್ಕು ಅಕ್ಷರ ಬರುವುದೇ ಇಲ್ಲ ಅಂತ ಯಾರೂ ಖಾತ್ರಿ ಕೊಡುವುದಿಲ್ಲ. ಆದರೆ ಹೆಸರಿನ ಗೊಂದಲದಿಂದ ಸಿಕ್ಕಿಹಾಕಿಕೊಂಡವರಿಗೆ ಇರುವ ಸರಿಯಾದ ದಾರಿ ಇದೊಂದೇ.

ಒಂದೇ ಹೆಸರಿನ ವಿಷಯ ಎಲ್ಲರೂ ಗಮನಿಸಿ. ನಮ್ಮ ಕಡೆ ಊರಿನದೋ ಅಪ್ಪನದೋ ಇನಿಷಿಯಲ್ ಇಟ್ಟುಕೊಳ್ಳುವುದು ರೂಢಿ. ಸರ್‌ನೇಮ್ ಕಾಲಂ ಖಾಲಿ ಬಿಟ್ಟು ಪಾಸ್‌ಪೋರ್ಟ್ ಮಾಡಿಸಿದರೆ, ಅಮೆರಿಕದ ವೀಸಾದಲ್ಲಿ ಇರುವ ಒಂದು ಹೆಸರು ಸರ್‌ನೇಮ್ ಜಾಗಕ್ಕೆ ಹೋಗುತ್ತದೆ. ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರರ್ಥ. ಟಿಕೆಟ್ಟಿನಲ್ಲಿ ಒಂದು ಥರ, ವೀಸಾದಲ್ಲಿ ಇನ್ನೊಂದು ಥರ ಇದ್ದರೆ ಕೌಂಟರಿನಲ್ಲೇ ತಡವಾಗುತ್ತದೆ. 2022ರ ನವೆಂಬರಿನಿಂದ ಯುಎಇ ಅಂತೂ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಪ್ರವೇಶವನ್ನೇ ನಿಲ್ಲಿಸಿತು. ಮಕ್ಕಳ ಪಾಸ್‌ಪೋರ್ಟ್ ಮಾಡಿಸುವವರು ಇನಿಷಿಯಲ್ ಅನ್ನು ಪೂರ್ತಿ ಹೆಸರಾಗಿ ಬರೆಸಿ ಎರಡೂ ಕಾಲಂ ತುಂಬಿಸಿ.

ಪ್ರಶ್ನೆ (ಮೊದಲು ಕೇಳಿದವರೇ, ಡಲ್ಲಾಸ್‌ನಿಂದ): ಅಕ್ಕಾ, ಇನ್ನೊಂದು ಕೇಳಲೇಬೇಕು. ಬೆಂಗಳೂರಿನಲ್ಲೇ ಅಮ್ಮನ ಕೊಬ್ಬರಿ ತೆಗೆದಿಟ್ಟರು. ನಮ್ಮ ತೋಟದ್ದು. ಮೊಮ್ಮಗಳಿಗೆ ಅಂತ ತಂದಿದ್ದು. ಚಟ್ನಿಪುಡಿ ಡಬ್ಬಿಯನ್ನೂ ಬಿಚ್ಚಿ ನೋಡಿದರಂತೆ. ಕೊಬ್ಬರಿಯಲ್ಲಿ ಏನಿದೆ ಅಪಾಯ?

ಉತ್ತರ: ತಿಪಟೂರಿನವರ ಕೈಯಿಂದ ಕೊಬ್ಬರಿ ತೆಗೆದಿಡುವುದು ನನಗೂ ಸಂಕಟದ ಕೆಲಸವೇ ಆಗಿತ್ತು. ಆದರೆ ಕಾರಣ ಇದೆ.

ಒಣ ಕೊಬ್ಬರಿಯಲ್ಲಿ ಎಣ್ಣೆ ತುಂಬಾ. ರಾಶಿ ಹಾಕಿ ಇಟ್ಟರೆ ಗಾಳಿ ತಾಕಿ ಒಳಗೊಳಗೇ ಬಿಸಿಯಾಗುತ್ತದೆ. ಬಿಸಿ ಏರಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಅದಕ್ಕೇ ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೊಬ್ಬರಿಗೆ ಒಂದು ನಂಬರೇ ಇದೆ, ಯುಎನ್ 1363. ಅಡಕೆ, ತೆಂಗು ಬೆಳೆಯುವ ಊರಿನವರಿಗೆ ಕೊಬ್ಬರಿ ಕೋಣೆಯ ಬಿಸಿ ಗೊತ್ತಿರುತ್ತದೆ ಅಲ್ವಾ? ವಿಮಾನದ ಹೊಟ್ಟೆಯಲ್ಲಿ ಬೆಂಕಿ ಹತ್ತಿದರೆ ಹೋಗಿ ಆರಿಸುವವರು ಯಾರೂ ಇಲ್ಲ. ಆದ್ದರಿಂದ ಕೊಬ್ಬರಿ ಗಿಟುಕು ಕೈಚೀಲದಲ್ಲೂ ಬೇಡ, ಚೆಕ್-ಇನ್ ಬ್ಯಾಗಿನಲ್ಲೂ ಬೇಡ. ಶಬರಿಮಲೆಗೆ ಹೋಗುವವರ ಇರುಮುಡಿಯ ತೆಂಗಿನಕಾಯಿಗೆ 2024ರ ಅಕ್ಟೋಬರಿನಲ್ಲಿ ವಿನಾಯಿತಿ ಕೊಟ್ಟರು. ಅದೂ ಆ ಸಲದ ಯಾತ್ರೆ ಮುಗಿಯುವ ಜನವರಿ 20ರವರೆಗೆ ಮಾತ್ರ, ತಪಾಸಣೆ ಮಾಡಿಯೇ.

ಪುಡಿಯ ವಿಷಯ ಬೇರೆ. 2018ರ ಜೂನ್ 30ರಿಂದ ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಕೈಚೀಲದಲ್ಲಿ 350 ಮಿಲಿಲೀಟರಿಗಿಂತ ಜಾಸ್ತಿ ಪುಡಿ ಇದ್ದರೆ ಹೆಚ್ಚಿನ ತಪಾಸಣೆ. 350 ಮಿಲಿ ಅಂದರೆ ಹೆಚ್ಚುಕಡಿಮೆ ಒಂದು ತಂಪು ಪಾನೀಯದ ಕ್ಯಾನಿನಷ್ಟು. ಪುಡಿ ಏನು ಅಂತ ಅವರಿಗೆ ಸಮಾಧಾನ ಆಗದಿದ್ದರೆ ಬಿಟ್ಟು ಹೋಗಬೇಕು. ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ ಎಲ್ಲ ಚೆಕ್-ಇನ್ ಬ್ಯಾಗಿಗೆ ಹಾಕಿ, ಆಗ ಈ ರಗಳೆಯೇ ಇಲ್ಲ. ಉಪ್ಪಿನಕಾಯಿ, ತುಪ್ಪವೂ ಅಲ್ಲಿಗೇ. 2006ರ ಆಗಸ್ಟಿನಲ್ಲಿ ಲಂಡನ್ನಿನಿಂದ ಹೊರಡುವ ವಿಮಾನಗಳನ್ನು ದ್ರವ ಸ್ಫೋಟಕದಿಂದ ಸಿಡಿಸುವ ಸಂಚು ಬಯಲಾಯಿತು. ಕೈಚೀಲದ 100 ಮಿಲಿ ನಿಯಮ ಬಂದದ್ದು ಅದಾದ ಮೇಲೆ.

ಪ್ರಶ್ನೆ (ಮಂಡ್ಯದಿಂದ): ನಮಸ್ಕಾರ ಮೇಡಂ. ಬೆಳಿಗ್ಗೆ ಗದ್ದೆಗೆ ಗೊಬ್ಬರ ಹಾಕಿ, ಮಧ್ಯಾಹ್ನ ಮಗನ ಊರಿಗೆ ವಿಮಾನ ಹತ್ತಲು ಹೋಗಿದ್ದೆ. ಕೈಗೆ ಬಟ್ಟೆ ಪಟ್ಟಿ ಒರೆಸಿದ ತಕ್ಷಣ ಮಿಷಿನ್ ಕೂಗಿತು. ನಾಲ್ಕು ಜನ ಬಂದು ನಿಂತರು. ಅರ್ಧ ಗಂಟೆ ಆಯಿತು. ಗೊಬ್ಬರದಿಂದ ಹಾಗಾಗುತ್ತದಾ?

ಉತ್ತರ: ಆಗುತ್ತದೆ ಯಜಮಾನರೇ. ಆ ಪಟ್ಟಿಯನ್ನು ಮಿಷಿನ್ ಒಳಗೆ ಇಟ್ಟಾಗ ಅದಕ್ಕೆ ಅಂಟಿದ್ದು ಬಿಸಿಯಾಗಿ ಆವಿಯಾಗುತ್ತದೆ. ಅದರಲ್ಲಿ ಸ್ಫೋಟಕದ ಕಣ ಇದೆಯಾ ಅಂತ ಕೆಲವು ಸೆಕೆಂಡಿನಲ್ಲಿ ಹೇಳುತ್ತದೆ. ನ್ಯಾನೋಗ್ರಾಂ ಇದ್ದರೂ ಹಿಡಿಯುತ್ತದೆ. ಅಂದರೆ ಒಂದು ಗ್ರಾಮಿನಲ್ಲಿ ನೂರು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲು. ನೈಟ್ರೇಟ್ ಇರುವ ಗೊಬ್ಬರಕ್ಕೂ ಕೆಲವು ಸ್ಫೋಟಕಕ್ಕೂ ಮೂಲವಸ್ತು ಒಂದೇ. ಗ್ಲಿಸರಿನ್ ಇರುವ ಕ್ರೀಮು, ಎದೆನೋವಿಗೆ ಕೊಡುವ ನೈಟ್ರೋಗ್ಲಿಸರಿನ್ ಮಾತ್ರೆ ಕೂಡ ಕೆಲವೊಮ್ಮೆ ಕೂಗಿಸುತ್ತವೆ. ಕೂಗಿದ ಮೇಲೆ ಬ್ಯಾಗು, ಮೈ ಎಲ್ಲ ಮತ್ತೆ ನೋಡಲೇಬೇಕು, ಅದು ನಿಯಮ. "ಬೆಳಿಗ್ಗೆ ಹೊಲದಲ್ಲಿದ್ದೆ, ಗೊಬ್ಬರ ಮುಟ್ಟಿದ್ದೆ" ಅಂತ ನೇರವಾಗಿ ಹೇಳಿ. ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಪ್ರಯಾಣದ ದಿನ ಗೊಬ್ಬರ ಮುಟ್ಟದಿದ್ದರೆ ಇನ್ನೂ ಒಳ್ಳೆಯದು. ಹೊಲದ ಚಪ್ಪಲಿ, ಹೊಲಕ್ಕೆ ಒಯ್ಯುವ ಚೀಲ ಅಂತೂ ಬೇಡವೇ ಬೇಡ.

ಪ್ರಶ್ನೆ (ಮೈಸೂರಿನಿಂದ): ಅಕ್ಕ, ಕೇಳಲು ಸಂಕೋಚ. ಸೀರೆ ಉಟ್ಟರೆ ಜಾಸ್ತಿ ತಪಾಸಣೆ ಮಾಡುತ್ತಾರಾ? ಮಾಂಗಲ್ಯ ತೆಗೆಯಿರಿ ಅಂತಾರಾ? ಗಂಡಸರು ಮುಟ್ಟುತ್ತಾರಾ?

ಉತ್ತರ: ಸಂಕೋಚ ಬೇಡಮ್ಮ, ಇದನ್ನು ಹೆಂಗಸರೆಲ್ಲ ಕೇಳಬೇಕು.

ಗಂಡಸರು ಮುಟ್ಟುವಂತಿಲ್ಲ. ನಮ್ಮ ದೇಶದಲ್ಲಿ ಹೆಂಗಸರ ತಪಾಸಣೆ ಪರದೆ ಹಾಕಿದ ಗೂಡಿನೊಳಗೆ, ಮಹಿಳಾ ಸಿಬ್ಬಂದಿಯಿಂದ ಮಾತ್ರ. ಅಮೆರಿಕದಲ್ಲೂ ಹೆಂಗಸರಿಗೆ ಹೆಂಗಸರೇ. ಆದರೆ ಅಲ್ಲಿ ಗೂಡು ಇರುವುದಿಲ್ಲ, ಎಲ್ಲರೆದುರೇ ನಡೆಯುತ್ತದೆ. ಪ್ರತ್ಯೇಕ ಕೋಣೆ ಬೇಕು ಅಂತ ನೀವು ಕೇಳಬಹುದು. ಕೇಳಿದರೆ ಕೊಡಬೇಕು. ಮಗಳನ್ನೋ ಸೊಸೆಯನ್ನೋ ಜೊತೆಗೆ ಕರೆದುಕೊಂಡು ಹೋಗಬಹುದು. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಗೊತ್ತಿಲ್ಲದ್ದಕ್ಕೇ ಎಲ್ಲರ ಮುಂದೆ ನಿಂತು ಕಣ್ಣೀರು ಹಾಕುತ್ತಾರೆ.

ಸೀರೆಯ ನೆರಿಗೆ, ಸೆರಗು ಸಡಿಲವಾಗಿರುವುದರಿಂದ ಅಡಿಯಲ್ಲಿ ಏನಿದೆ ಅಂತ ಕೈಯಿಂದ ನೋಡಬೇಕಾಗಬಹುದು. 2010ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ನಮ್ಮ ರಾಯಭಾರಿಯಾಗಿದ್ದ ಮೀರಾ ಶಂಕರ್ ಅವರಿಗೇ ಇದು ಆಯಿತು. ಮಿಸಿಸಿಪ್ಪಿಯ ಜಾಕ್ಸನ್ ಏರ್‌ಪೋರ್ಟಿನಲ್ಲಿ ಸೀರೆ ಉಟ್ಟಿದ್ದ ಅವರನ್ನು ಪಕ್ಕಕ್ಕೆ ಕರೆದು ಮೈ ತಡವಿ ನೋಡಿದರು. ಆಗ ವಿದೇಶಾಂಗ ಸಚಿವರಾಗಿದ್ದವರು ನಮ್ಮ ಎಸ್.ಎಂ. ಕೃಷ್ಣ. ಇದನ್ನು ಒಪ್ಪಲು ಸಾಧ್ಯವಿಲ್ಲ ಅಂತ ಅವರು ಬಹಿರಂಗವಾಗಿಯೇ ಹೇಳಿದರು. ರಾಯಭಾರಿ ಅಂತ ಪರಿಚಯ ಹೇಳಿಕೊಂಡರೂ ತಪ್ಪಲಿಲ್ಲ ಅಂದಮೇಲೆ ನಮ್ಮ ಅಮ್ಮಂದಿರು ಇದನ್ನು ತಮ್ಮೊಬ್ಬರಿಗೇ ಆದ ಅವಮಾನ ಅಂದುಕೊಳ್ಳುವುದು ಬೇಡ.

ಮಾಂಗಲ್ಯ ತೆಗೆಯಬೇಕಾಗಿ ಬರುವುದು ಅಪರೂಪ. ಡಿಟೆಕ್ಟರ್ ಕೂಗಿದರೆ ಹೊರಗೆ ತೆಗೆದು ತೋರಿಸಿದರೆ ಸಾಕಾಗುತ್ತದೆ. ಸೀರೆಗೆ ಹಾಕಿದ ಸೇಫ್ಟಿ ಪಿನ್ನುಗಳೇ ಜಾಸ್ತಿ ಕೂಗುವುದು. ಅಮೆರಿಕದ ಬಾಡಿ ಸ್ಕ್ಯಾನರಿನಲ್ಲಿ ದಪ್ಪ ತುರುಬು ಕೂಡ ಗುರುತು ತೋರಿಸಬಹುದು. ಜಡೆ ಹಾಕಿಕೊಂಡರೆ ಸುಲಭ.

ಪ್ರಶ್ನೆ (ಉಡುಪಿಯಿಂದ): ನನ್ನ ಮಾವನಿಗೆ ಪೇಸ್‌ಮೇಕರ್, ಅತ್ತೆಗೆ ಮಂಡಿ ಆಪರೇಷನ್ ಆಗಿದೆ. ಬಾಗಿಲಿನ ಡಿಟೆಕ್ಟರ್ ದಾಟಬಹುದಾ?

ಉತ್ತರ: ಮಂಡಿಯಲ್ಲಿರುವ ಲೋಹಕ್ಕೆ ಅದು ಕೂಗುತ್ತದೆ, ಕೂಗಲಿ. "ಮಂಡಿ ಆಪರೇಷನ್" ಅಂತ ಮೊದಲೇ ಹೇಳಿದರೆ ಕುರ್ಚಿ ಕೊಟ್ಟು ಕೂರಿಸಿ ನೋಡುತ್ತಾರೆ. ಪೇಸ್‌ಮೇಕರ್ ಇದ್ದವರು ಆಸ್ಪತ್ರೆ ಕೊಟ್ಟ ಕಾರ್ಡನ್ನು ಜೇಬಿನಲ್ಲೇ ಇಟ್ಟುಕೊಳ್ಳಿ. ಅದನ್ನು ತೋರಿಸಿ, ಕೈಯಿಂದ ತಪಾಸಣೆ ಮಾಡಿ ಅಂತ ಕೇಳಿ. ಕೈಯಲ್ಲಿ ಹಿಡಿಯುವ ಡಿಟೆಕ್ಟರನ್ನು ಎದೆಯ ಆ ಭಾಗದ ಮೇಲೆ ಹಿಡಿದು ನಿಲ್ಲಿಸುವುದು ಬೇಡ ಅಂತಲೂ ಹೇಳಿ.

ಪ್ರಶ್ನೆ (ಬೆಳಗಾವಿಯಿಂದ): ಎಲ್ಲ ತಪಾಸಣೆ ಮುಗಿದು ವಿಮಾನದ ಬಾಗಿಲಿಗೆ ಹೋದಾಗ ಮತ್ತೆ ಬ್ಯಾಗ್ ಬಿಚ್ಚಿಸಿದರು. ಒಳಗೆ ನೋಡಿದವರ ಮೇಲೆ ನಂಬಿಕೆ ಇಲ್ಲವಾ?

ಉತ್ತರ: ಅದಕ್ಕೆ ಲ್ಯಾಡರ್ ಪಾಯಿಂಟ್ ಚೆಕ್ ಅಂತೀವಿ. ಒಳಗಿನ ತಪಾಸಣೆ ಕೇಂದ್ರ ಸರ್ಕಾರದ ಭದ್ರತಾ ಪಡೆ ಸಿಐಎಸ್‌ಎಫ್‌ನದು, ಇದು ವಿಮಾನ ಕಂಪನಿಯ ಭದ್ರತಾ ಸಿಬ್ಬಂದಿಯದು. ನಾನು ವರ್ಷಗಟ್ಟಲೆ ಮಾಡಿದ ಕೆಲಸ. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನದ ಸುತ್ತಮುತ್ತ ಹೆಚ್ಚಾಗಿ ಇರುತ್ತದೆ. 2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಸಂಘರ್ಷ ನಡೆದಾಗ ದೇಶದ ಎಲ್ಲ ಏರ್‌ಪೋರ್ಟುಗಳಲ್ಲೂ ಮಾಡಿಸಿದರು. ಎರಡು ಬೇರೆ ತಂಡ ನೋಡಿದರೆ ಒಬ್ಬರ ಕಣ್ಣು ತಪ್ಪಿದ್ದು ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ನಮ್ಮ ವಿಮಾನದ ಅಪಹರಣ ಆಯಿತಲ್ಲ, ಅದಾದ ಮೇಲೇ ಏರ್‌ಪೋರ್ಟ್ ಕಾವಲು ಸಿಐಎಸ್‌ಎಫ್‌ಗೆ ಹೋದದ್ದು. ಆ ನೆನಪು ಇರುವ ನಮಗೆ ಎರಡನೇ ಸಲ ನೋಡುವುದು ಜಾಸ್ತಿ ಅನಿಸುವುದಿಲ್ಲ.

ಪ್ರಶ್ನೆ (ಡಲ್ಲಾಸ್‌ನಿಂದ, ಮತ್ತೆ): ಅಕ್ಕಾ, ನೀವು ಬರೆದದ್ದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. "ಕಂಪ್ಯೂಟ್ರು ಮಾಡಿದ್ದಾ? ಮೊದಲೇ ಹೇಳ್ಬಾರ್ದಾ" ಅಂದರು. ಬರುವ ತಿಂಗಳು ವಾಪಸ್ ಹೋಗುತ್ತಾರೆ. ನಾನು ಜೊತೆಗಿರಲ್ಲ. ಏನು ತಯಾರಿ ಮಾಡಿ ಕಳಿಸಲಿ?

ಉತ್ತರ: ಅಮ್ಮ ಕೇಳಿದ್ದು ಸರಿಯಾಗಿದೆ. ಮೊದಲೇ ಹೇಳಬೇಕಿತ್ತು, ನಾವೆಲ್ಲರೂ.

ವೀಲ್‌ಚೇರ್ ನೆರವು ಬುಕ್ ಮಾಡಿ, ಅಪ್ಪ ಅಮ್ಮ ಇಬ್ಬರೂ ಒಂದೇ ಬುಕಿಂಗಿನಲ್ಲಿರಲಿ. ಟಿಎಸ್‌ಎ ಕೇರ್ಸ್ ಅನ್ನುವ ಸಹಾಯವಾಣಿ ಇದೆ, ಹೊರಡುವುದಕ್ಕೆ 72 ಗಂಟೆ ಮುಂಚೆ ಫೋನ್ ಮಾಡಿ ವಯಸ್ಸಾದವರು ಅಂತ ಹೇಳಿ. ಕೈಚೀಲದಲ್ಲಿ ಮಾತ್ರೆ, ಡಾಕ್ಟರ್ ಚೀಟಿ, ಸ್ವೆಟರ್ ಬಿಟ್ಟು ಬೇರೆ ಏನೂ ಬೇಡ. ಸುಲಭವಾಗಿ ಕಳಚುವ ಚಪ್ಪಲಿ ಹಾಕಿಸಿ. ಹಿಂದಿನ ದಿನ ಮನೆಯಲ್ಲೇ ಒಂದು ಸಲ ಆಡಿ ತೋರಿಸಿ. ಕೈ ಹೀಗೆ ಚಾಚಬೇಕು, ಅಂಗೈ ಒರೆಸುತ್ತಾರೆ, ಬ್ಯಾಗ್ ಬಿಚ್ಚುತ್ತಾರೆ, ಆಮೇಲೆ ಎಲ್ಲ ವಾಪಸ್ ಕೊಡುತ್ತಾರೆ ಅಂತ. ಮೊಮ್ಮಗಳು ಜೊತೆ ಸೇರಿದರೆ ಅಮ್ಮ ನಗುತ್ತಲೇ ಕಲಿಯುತ್ತಾರೆ.

ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಪಾಸ್‌ಪೋರ್ಟ್ ಒಳಗೆ ಇಡಿ: ನನಗೆ ಕನ್ನಡ ಮಾತ್ರ ಬರುತ್ತದೆ. ದಯವಿಟ್ಟು ಮಹಿಳಾ ಅಧಿಕಾರಿಯನ್ನು ಕರೆಯಿರಿ. ಪ್ರತ್ಯೇಕ ಕೋಣೆ ಬೇಕು, ನನ್ನ ಗಂಡ ಜೊತೆಗಿರಲಿ. ನನ್ನ ಮಗಳ ಫೋನ್ ನಂಬರ್ ಇದು. ಪ್ರತಿ ಸಾಲಿನ ಕೆಳಗೆ ಅದರ ಕನ್ನಡವನ್ನೂ ಬರೆಯಿರಿ, ಯಾವುದನ್ನು ಬೆರಳಿಟ್ಟು ತೋರಿಸಬೇಕು ಅಂತ ಅಮ್ಮನಿಗೇ ಗೊತ್ತಾಗುತ್ತದೆ.